ಮಾಗಿಯ ಮಲೆನಾಡು, ಮನೆಯ ಕಿಟಕಿಯಿಂದ: ಫೋಟೊ ತೆಗೆಯುವವರಿಗೊಂದು ಮಾರ್ಗದರ್ಶಿ

ಚಳಿಗಾಲದ ಫೋಟೊ ಬೇಕೆಂದರೆ ನಸುಕಿಗೇ ಎದ್ದು ಬೆಟ್ಟ ಹತ್ತಬೇಕು ಎಂಬುದು ಹೆಚ್ಚಿನವರ ಎಣಿಕೆ. ವಾರಾಂತ್ಯದಲ್ಲಿ ಮುಳ್ಳಯ್ಯನಗಿರಿಯ ತಿರುವುಗಳಲ್ಲಿ ಸಾಲುಗಟ್ಟುವ ಕಾರುಗಳನ್ನು ನೋಡಿದರೆ ಅದು ಗೊತ್ತಾಗುತ್ತದೆ. ಸಕಲೇಶಪುರ, ಮೂಡಿಗೆರೆ, ಆಲ್ದೂರಿನ ಕಡೆ ತೋಟದ ಮನೆ ಇರುವವರಿಗೆ, ಅಂಥ ಮನೆಗೆ ನಾಲ್ಕು ದಿನ ನೆಂಟರಾಗಿ ಹೋದವರಿಗೆ, ಆ ಪಾಡು ಬೇಕಿಲ್ಲ. ಮಂಜು ಬರುವ ಹೊತ್ತಿಗೆ ನೀವು ಆಗಲೇ ಜಾಗದಲ್ಲಿರುತ್ತೀರಿ. ಆದರೆ ಕಿಟಕಿಯಿಂದ ತೆಗೆಯುವುದಕ್ಕೆ ಅದರದೇ ತೊಡಕುಗಳಿವೆ: ಗಾಜು, ಸರಳು, ಸೊಳ್ಳೆ ಜಾಲರಿ, ಒಳಗಿನ ದೀಪ, ಬದಲಾಯಿಸಲಾಗದ ಕೋನ. ಇವನ್ನು ಹಿಂದಿನ ದಿನವೇ ಪರಿಹರಿಸಿಕೊಂಡರೆ ಬೆಳಿಗ್ಗೆ ಕೆಲಸ ಸಲೀಸು.

ಮೊದಲು ಕಿಟಕಿಗಳ ದಿಕ್ಕು

ಮನೆಯ ಒಂದೊಂದು ಕಿಟಕಿಯೂ ಯಾವ ದಿಕ್ಕಿಗಿದೆ ಎಂದು ಗುರುತು ಮಾಡಿಕೊಳ್ಳಿ. ಫೋನಿನ ದಿಕ್ಸೂಚಿ ಸಾಕು. ಆದರೆ ಕಬ್ಬಿಣದ ಸರಳಿನ ಪಕ್ಕ ಹಿಡಿದರೆ ಅದು ತಪ್ಪು ತೋರಿಸುತ್ತದೆ. ಅಂಗಳಕ್ಕೆ ಬಂದು, ಆ ಗೋಡೆಗೆ ಬೆನ್ನು ಮಾಡಿ ನಿಂತು ನೋಡಿ.

ಚಳಿಗಾಲದಲ್ಲಿ ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದಿಲ್ಲ. ಡಿಸೆಂಬರ್ ಕೊನೆಗೆ ನಮ್ಮ ಕಡೆ ಅವನು ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟಿ, ಪಶ್ಚಿಮದಿಂದ ಅಷ್ಟೇ ದಕ್ಷಿಣಕ್ಕೆ ಮುಳುಗುತ್ತಾನೆ. ನಡುಮಧ್ಯಾಹ್ನದಲ್ಲೂ 53 ಡಿಗ್ರಿಗಿಂತ ಮೇಲೇರುವುದಿಲ್ಲ. ಹಾಗಾಗಿ ಸೂರ್ಯೋದಯಕ್ಕೆ ಮನೆಯ ಆಗ್ನೇಯ ಮೂಲೆಯ ಕೋಣೆ ಒಳ್ಳೆಯದು. ಪೂರ್ವದ ಕಿಟಕಿಯಲ್ಲಿ ಕಾದು ಕುಳಿತವರಿಗೆ ಸೂರ್ಯ ಚೌಕಟ್ಟಿನ ಬಲ ಅಂಚಿನಲ್ಲೋ, ಅದರಾಚೆಯೋ ಸಿಗುತ್ತಾನೆ.

ಚಿಕ್ಕಮಗಳೂರಿನಲ್ಲಿ ಸೂರ್ಯೋದಯ ನವೆಂಬರ್ ನಡುವಿಗೆ 6:25ರ ಆಸುಪಾಸು, ಡಿಸೆಂಬರ್ ಕೊನೆಗೆ 6:45, ಜನವರಿ ನಡುವಿಗೆ 6:50 ದಾಟುತ್ತದೆ. ಇದು ಬಯಲಿನ ಲೆಕ್ಕ. ಎದುರಿಗೆ ಗುಡ್ಡವಿದ್ದರೆ ಬೇರೆ ಲೆಕ್ಕ ಬೇಕು. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಎತ್ತರ ಸುಮಾರು 10 ಡಿಗ್ರಿ. ಗುಡ್ಡ ದಿಗಂತದಿಂದ ಒಂದು ಮುಷ್ಟಿ ಎತ್ತರಕ್ಕಿದ್ದರೆ ಬಿಸಿಲು ನಿಮ್ಮ ಅಂಗಳಕ್ಕೆ 45 ನಿಮಿಷ ತಡ. ಈ ತಡ ಲಾಭವೇ. ಆ ಮುಕ್ಕಾಲು ಗಂಟೆ ಆಕಾಶ ಬೆಳಗಿರುತ್ತದೆ, ನೆಲ ನೆರಳಿನಲ್ಲಿರುತ್ತದೆ, ಮಂಜಿನ ಬಣ್ಣ ನಿಮಿಷ ನಿಮಿಷಕ್ಕೂ ಬದಲಾಗುತ್ತದೆ.

ಉತ್ತರದ ಕಿಟಕಿಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಚಳಿಗಾಲದಲ್ಲಿ ಅದೇ ನೆಚ್ಚಬಹುದಾದ ಕಿಟಕಿ. ಸೂರ್ಯ ದಿನವಿಡೀ ಮನೆಯ ಬೆನ್ನಿಗಿರುವುದರಿಂದ ಗಾಜಿನ ಮೇಲೆ ನೇರ ಬಿಸಿಲು ಬೀಳುವುದಿಲ್ಲ, ಎದುರಿನ ಇಳಿಜಾರು ಪೂರ್ತಿ ಬೆಳಗುತ್ತದೆ. ಚಿಕ್ಕಮಗಳೂರು ಊರಿಗೂ ಅದರ ತೆಂಕಣದ ಹಳ್ಳಿಗಳಿಗೂ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಸಾಲು ಉತ್ತರ–ವಾಯವ್ಯಕ್ಕೆ ಬರುತ್ತದೆ. ಅಲ್ಲಿನ ಮನೆಯವರು ಬೆಳಿಗ್ಗೆ ಎಂಟರಿಂದ ಒಂಬತ್ತರೊಳಗೆ, ಮತ್ತೆ ಸಂಜೆ ನಾಲ್ಕೂವರೆಯ ಮೇಲೆ ಆ ಕಿಟಕಿಗೆ ಬಂದರೆ ಹುಲ್ಲುಬೆಟ್ಟದ ಮಡಿಕೆಗಳೆಲ್ಲ ಓರೆ ಬಿಸಿಲಿನಲ್ಲಿ ಎದ್ದು ಕಾಣುತ್ತವೆ. ಸಕಲೇಶಪುರದ ಕಡೆ ಘಟ್ಟದ ಅಂಚು ಪಶ್ಚಿಮಕ್ಕಿದೆ. ಬೆಳಿಗ್ಗೆ ಅದೇ ಗುಡ್ಡಗಳಿಗೆ ಮುಂಬೆಳಕು, ಸಂಜೆ ಹಿಂಬೆಳಕು. ಒಂದರ ಹಿಂದೊಂದು ನೀಲಿ ಪದರವಾಗಿ ಬೇಕೆಂದರೆ ಸಂಜೆಯೇ ಆಗಬೇಕು. ದಕ್ಷಿಣದ ಕಿಟಕಿ ಹಗಲಿಗೆ ಅಷ್ಟಾಗಿ ಒದಗುವುದಿಲ್ಲ, ರಾತ್ರಿಗೆ ಇಟ್ಟುಕೊಳ್ಳಿ.

ಮಂಜು ನಾಳೆ ಬರುತ್ತದೆಯೇ?

ರಾತ್ರಿ ಊಟ ಮುಗಿಸಿ ಹೊರಗೆ ಬಂದು ನೋಡಿದರೆ ಹೆಚ್ಚುಕಡಿಮೆ ಗೊತ್ತಾಗುತ್ತದೆ. ನಕ್ಷತ್ರಗಳು ಸ್ವಚ್ಛವಾಗಿ ಕಾಣುತ್ತಿದ್ದು, ಗಾಳಿ ಇಲ್ಲದೆ, ನೆಲ ಇನ್ನೂ ತೇವವಿದ್ದರೆ ಬೆಳಿಗ್ಗೆ ಕಣಿವೆಯಲ್ಲಿ ಮಂಜು ನಿಲ್ಲುವ ಸಂಭವ ಹೆಚ್ಚು. ಮೋಡವಿಲ್ಲದ ರಾತ್ರಿ ನೆಲ ಬೇಗ ತಣಿಯುತ್ತದೆ. ತಣಿದ ಗಾಳಿ ಭಾರವಾಗಿ ಇಳಿಜಾರಿನಿಂದ ಗದ್ದೆಬಯಲಿಗೂ ಹಳ್ಳದ ದಾರಿಗೂ ಹರಿದು ಅಲ್ಲೇ ಮಂಜಾಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ಇಲ್ಲಿ ಮೋಡ ಕವಿದಿದ್ದರೆ ಆ ಮೋಡವೇ ಕಂಬಳಿಯಾಗಿ ನೆಲದ ಬಿಸಿಯನ್ನು ಹಿಡಿದಿಡುತ್ತದೆ. ಅಂಥ ದಿನ ಬೇಗ ಏಳುವುದು ವ್ಯರ್ಥ. ಮಳೆ ಬಂದು ಹೊಳವಾದ ಮರುದಿನವಂತೂ ತಪ್ಪಿಸಿಕೊಳ್ಳಬಾರದು.

ಮನೆ ಗುಡ್ಡದ ಸೊಂಟದಲ್ಲಿದ್ದರೆ ಮಂಜನ್ನು ಮೇಲಿನಿಂದ ನೋಡುತ್ತೀರಿ. ಗದ್ದೆಯ ಮಟ್ಟದಲ್ಲಿದ್ದರೆ ಮಂಜಿನೊಳಗೇ ಇರುತ್ತೀರಿ. ಆಗ ದೂರದ ಬೆಟ್ಟದ ಆಸೆ ಬಿಟ್ಟು ಹತ್ತಿರದ ಒಂದು ಸಿಲ್ವರ್ ಮರ, ಮೆಣಸಿನ ಬಳ್ಳಿ ಹಬ್ಬಿದ ಕಾಂಡ, ಹುಲ್ಲಿನ ಬಣವೆ ಇಂಥದ್ದನ್ನು ಹಿಡಿಯಿರಿ. ಎರಡರಲ್ಲೂ ಒಂದು ಮಾತು: ಬಿಸಿಲು ತಾಗಿದ ಕೂಡಲೇ ಮಂಜು ಕರಗುವುದಿಲ್ಲ. ಮೊದಲಿಗೆ ಇಬ್ಬನಿ ಆವಿಯಾಗಿ, ಗಾಳಿ ಕದಡಿ, ಸ್ವಲ್ಪ ಹೊತ್ತು ಇನ್ನಷ್ಟು ದಟ್ಟವಾಗುವುದುಂಟು. ಏನೂ ಕಾಣುತ್ತಿಲ್ಲವೆಂದು ಕಾಫಿ ಕುಡಿಯಲು ಹೋಗಬೇಡಿ. ಮಂಜು ಹರಿಯತೊಡಗಿದಾಗ ಮರಗಳ ನಡುವೆ ಬಿಸಿಲಕೋಲು ಕಾಣುವುದು ಹತ್ತು ನಿಮಿಷವಿದ್ದರೆ ಹೆಚ್ಚು.

ನವೆಂಬರ್, ಡಿಸೆಂಬರ್ ದೂರದ ನೋಟಕ್ಕೆ ಚೆನ್ನ. ಫೆಬ್ರವರಿಯ ಹೊತ್ತಿಗೆ ಧೂಳು, ಹೊಗೆ ಸೇರಿ ಬೆಟ್ಟಗಳು ಮಂಕಾಗುತ್ತವೆ. ಅರಸೀಕೆರೆಯ ಕಡೆಯ ಬಯಲುಸೀಮೆಯ ಮನೆಗಳಲ್ಲಿ ಮಂಜಿಗಿಂತ ನೆರಳೇ ವಿಷಯ: ತೆಂಗಿನ ಸಾಲಿನ ಉದ್ದ ನೆರಳು, ಕಟಾವಾದ ರಾಗಿ ಹೊಲ, ಬಣವೆ.

ಗಾಜು, ಸರಳು, ಜಾಲರಿ

ಕೆಡುವ ಚಿತ್ರಗಳಲ್ಲಿ ಹೆಚ್ಚಿನವು ಕೆಡುವುದು ಇಲ್ಲೇ. ಕದ ತೆರೆಯಬಹುದಾದ ಕಿಟಕಿಯಾದರೆ ತೆರೆದುಬಿಡಿ. ಎಷ್ಟು ಒಳ್ಳೆಯ ಗಾಜೂ ತೆರೆದ ಕಿಟಕಿಗೆ ಸಾಟಿಯಲ್ಲ. ತೆರೆದ ಮೇಲೆ ಕೋಣೆಯ ಬಿಸಿಗಾಳಿಯೂ ಹೊರಗಿನ ಚಳಿಗಾಳಿಯೂ ಬೆರೆಯುವುದರಿಂದ ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸಿನಲ್ಲಿ ದೃಶ್ಯ ನಡುಗಿದಂತೆ ಕಾಣಬಹುದು. ಒಂದು ಕಾಲು ಗಂಟೆ ಬಿಟ್ಟರೆ ಎರಡೂ ಸಮವಾಗುತ್ತವೆ.

ತೆರೆಯಲಾಗದ ಗಾಜಾದರೆ ಈ ಕ್ರಮದಲ್ಲಿ ನಡೆಯಿರಿ.

1. ಹಿಂದಿನ ಸಂಜೆಯೇ ಎರಡೂ ಬದಿ ಒರೆಸಿ. ಮೊದಲು ನೀರಿನಲ್ಲಿ ಅದ್ದಿದ ಬಟ್ಟೆ, ಆಮೇಲೆ ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ ಇನ್ನೊಮ್ಮೆ, ಕೊನೆಗೆ ಹಳೆಯ ದಿನಪತ್ರಿಕೆ. ಅಡುಗೆಮನೆಯ ಕಿಟಕಿಗೆ ಜಿಡ್ಡು ಇರುವುದರಿಂದ ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಬೇಕಾಗುತ್ತದೆ. ಕಣದ ದಿಕ್ಕಿನ ಕಿಟಕಿಗೆ ಧೂಳು ಒಂದೇ ದಿನಕ್ಕೆ ಮತ್ತೆ ಕೂರುತ್ತದೆ.

2. ಕೋಣೆಯ ದೀಪ, ಟಿವಿ, ಪಕ್ಕದ ಕೋಣೆಯ ಬೆಳಕು ಎಲ್ಲವನ್ನೂ ಆರಿಸಿ, ಬಾಗಿಲು ಹಾಕಿ. ಸಾಧಾರಣ ಗಾಜಿನ ಒಂದೊಂದು ಮುಖವೂ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ, ಎರಡು ಮುಖ ಸೇರಿ ಶೇ. 8. ನಡುಹಗಲಿನಲ್ಲಿ ಇದು ಲೆಕ್ಕಕ್ಕಿಲ್ಲ. ನಸುಕಿನಲ್ಲಿ ಹೊರಗಿನ ಬೆಳಕೇ ಕಡಿಮೆ, ಆಗ ಈ ಶೇ. 8ರಲ್ಲಿ ನಿಮ್ಮ ಮುಖ, ಬಿಳಿ ಬನಿಯನ್, ಗೋಡೆಯ ಕ್ಯಾಲೆಂಡರ್ ಎಲ್ಲವೂ ಬೆಟ್ಟದ ಮೇಲೆ ತೇಲುತ್ತವೆ. ಗಾಢ ಬಣ್ಣದ ಅಂಗಿ ಹಾಕಿಕೊಳ್ಳಿ.

3. ಲೆನ್ಸನ್ನು ಗಾಜಿಗೆ ತಾಗಿಸಿಯೇ ಹಿಡಿಯಿರಿ. ಮಡಚುವ ರಬ್ಬರ್ ಹುಡ್ ಇದ್ದರೆ ಗಾಜಿಗೆ ಒತ್ತಿದಾಗ ಅಂಚಿನಿಂದ ಬೆಳಕು ನುಸುಳುವುದಿಲ್ಲ, ಗಾಜಿಗೆ ಗೀರೂ ಬೀಳುವುದಿಲ್ಲ. ಇಲ್ಲದಿದ್ದರೆ ಕಪ್ಪು ಬಟ್ಟೆಯ ನಡುವೆ ಲೆನ್ಸಿನಷ್ಟು ತೂತು ಮಾಡಿ, ಬಟ್ಟೆಯ ನಾಲ್ಕು ಮೂಲೆಗಳನ್ನು ಕಿಟಕಿಯ ಚೌಕಟ್ಟಿಗೆ ಟೇಪು ಹಚ್ಚಿ.

4. ಗಾಜಿಗೆ ಆದಷ್ಟು ನೇರವಾಗಿ ನೋಡಿ. ಓರೆಯಾದಷ್ಟೂ ಗಾಜಿನ ಎರಡು ಮುಖಗಳ ಪ್ರತಿಬಿಂಬ ಬೇರೆಬೇರೆಯಾಗಿ, ದೂರದ ಮರದ ಅಂಚು ಎರಡೆರಡಾಗಿ ಬೀಳುತ್ತದೆ. ಹಳೆಯ ಮನೆಗಳ ಅಲೆಯಲೆಯ ಗಾಜಿನಲ್ಲಿ ಇದು ಇನ್ನೂ ಹೆಚ್ಚು. ಅಂಥ ಕಡೆ ಟೆಲಿ ಲೆನ್ಸ್ ಬೇಡ.

ಪ್ರತಿಫಲನ ತಗ್ಗಿಸಲು ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಇದ್ದವರು ಅದನ್ನೇ ಎಲ್ಲಕ್ಕೂ ಮದ್ದೆಂದು ತಿಳಿಯುತ್ತಾರೆ. ಗಾಜಿನ ಲಂಬದಿಂದ 55 ಡಿಗ್ರಿಯಷ್ಟು ಓರೆಯಾಗಿ ನೋಡುವಾಗ ಮಾತ್ರ ಅದು ಪ್ರತಿಫಲನವನ್ನು ಚೆನ್ನಾಗಿ ತಡೆಯುತ್ತದೆ. ನೇರವಾಗಿ ನಿಂತರೆ ಏನೂ ಮಾಡದೆ ಒಂದೂವರೆ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ) ಬೆಳಕನ್ನು ನುಂಗುತ್ತದೆ. ಟಫನ್ಡ್ ಗಾಜಿನ ಹೊಸ ಕಿಟಕಿಗಳಲ್ಲಂತೂ ಬಣ್ಣದ ಮಚ್ಚೆಗಳನ್ನೂ ತೋರಿಸೀತು. ಇದ್ದರೂ ನಸುಕಿನಲ್ಲಿ ತೆಗೆದಿಡಿ.

ಸರಳುಗಳ ವಿಷಯ ಲೆಕ್ಕದಿಂದ ಬಗೆಹರಿಯುತ್ತದೆ. ನಮ್ಮ ಕಡೆಯ ಕಿಟಕಿಗಳಲ್ಲಿ ಸರಳಿನಿಂದ ಸರಳಿಗೆ ಸುಮಾರು ನಾಲ್ಕಿಂಚು ತೆರಪಿರುತ್ತದೆ; ಹೆಚ್ಚಿನ ಲೆನ್ಸುಗಳ ಮೂತಿ ಅದರಲ್ಲಿ ತೂರುತ್ತದೆ. ಕ್ಯಾಮೆರಾದ ಪಟ್ಟಿ ಕೊರಳಲ್ಲಿರಲಿ, ಉಪ್ಪರಿಗೆಯಿಂದ ಜಾರಿದರೆ ಕೆಳಗೆ ಜಗಲಿಯ ಕಲ್ಲು. ತೂರದಿದ್ದರೆ ಸರಳಿನ ಹಿಂದಿನಿಂದಲೇ ತೆಗೆಯಬಹುದು, ಆದರೆ ಲೆನ್ಸಿನ ತೆರಪು ಸರಳಿನ ದಪ್ಪಕ್ಕಿಂತ ದೊಡ್ಡದಿರಬೇಕು. ತೆರಪು ಎಂದರೆ ಫೋಕಲ್ ಲೆಂತನ್ನು (ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದ ಅಂಕಿ) ಕ್ಯಾಮೆರಾದಲ್ಲಿ ಇಟ್ಟ ಎಫ್ ಸಂಖ್ಯೆಯಿಂದ ಭಾಗಿಸಿದ್ದು. 100 ಮಿ.ಮೀ. ಲೆನ್ಸಿಗೆ ಎಫ್/4 ಇಟ್ಟರೆ 25 ಮಿ.ಮೀ. ಅರ್ಧ ಇಂಚಿನ, ಅಂದರೆ 12 ಮಿ.ಮೀ. ಸರಳು ಲೆನ್ಸಿಗೆ ಹತ್ತಿರವಿದ್ದರೆ ಮಸುಕಾಗಿ ಮಾಯವಾಗುತ್ತದೆ. ಅದೇ ಲೆನ್ಸಿಗೆ ಎಫ್/16 ಇಟ್ಟರೆ 6 ಮಿ.ಮೀ.; ಸರಳು ಕರಿಪಟ್ಟಿಯಾಗಿ ಮೂಡುತ್ತದೆ. ಗಾಜಿನ ಮೇಲಿನ ಧೂಳು, ಒಣಗಿದ ನೀರಹನಿಗೂ ಇದೇ ನ್ಯಾಯ. ಭೂದೃಶ್ಯಕ್ಕೆ ಎಫ್/11, ಎಫ್/16 ಇಡಬೇಕೆಂದು ಕಲಿತವರು ಕಿಟಕಿಯಲ್ಲಿ ಆ ಪಾಠ ಮರೆಯಬೇಕು. ಎದುರಿನದೆಲ್ಲ ದೂರದ್ದೇ ಆದ್ದರಿಂದ ಎಫ್/4ರಿಂದ ಎಫ್/5.6 ಸಾಕು.

ಸೊಳ್ಳೆ ಜಾಲರಿಯನ್ನು ಮಾತ್ರ ಸರಿಸಲೇಬೇಕು. ದೊಡ್ಡ ಲೆನ್ಸಿನಲ್ಲಿ ಜಾಲರಿ ಕಾಣದೆ ಹೋದರೂ ಚಿತ್ರ ಮಬ್ಬಾಗುತ್ತದೆ, ಸೂರ್ಯನ ಸುತ್ತ ಶಿಲುಬೆಯಂಥ ಗೆರೆಗಳು ಏಳುತ್ತವೆ. ಫೋನಿನಲ್ಲಾದರೆ ಎಳೆಗಳೇ ಕಾಣುತ್ತವೆ.

ಇನ್ನು ಗಾಜಿನ ಬೆವರು. ಹೊರಗೆ ಕೊರೆಯುವ ಚಳಿಯಿದ್ದು ಒಳಗೆ ಅಡುಗೆ, ಹಂಡೆಯ ಬಿಸಿನೀರಿನ ಆವಿ ಇದ್ದರೆ ಒಳಮುಖದಲ್ಲಿ ಹನಿ ಕೂರುತ್ತದೆ. ಒರೆಸಿದರೆ ಎರಡು ನಿಮಿಷಕ್ಕೆ ಮತ್ತೆ ಕೂರುತ್ತದೆ. ಎದುರಿನ ಇನ್ನೊಂದು ಕಿಟಕಿಯನ್ನು ಬೆರಳಗಲ ತೆರೆದಿಟ್ಟು ಗಾಳಿಯಾಡಲು ಬಿಡುವುದೇ ದಾರಿ. ಅಂಗಳದಲ್ಲಿ ತಣ್ಣಗಾದ ಕ್ಯಾಮೆರಾವನ್ನು ನೇರ ಅಡುಗೆಮನೆಗೆ ತಂದರೂ ಲೆನ್ಸಿನ ಮೇಲೆ ಇದೇ ಬೆವರು. ಚೀಲದ ಜಿಪ್ ಹಾಕಿ ಅರ್ಧ ಗಂಟೆ ಹಾಗೇ ಬಿಡಿ.

ಕ್ಯಾಮೆರಾ ಎಲ್ಲಿಡಬೇಕು

ಹಳೆಯ ಮನೆಗಳ ಗೋಡೆ ದಪ್ಪ, ಕಿಟಕಿಯ ದಂಡೆ ಅಗಲ. ಟ್ರೈಪಾಡಿಗಿಂತ ಅದೇ ಗಟ್ಟಿ. ಗೋಣಿಬಟ್ಟೆಯ ಸಣ್ಣ ಚೀಲಕ್ಕೆ ಒಂದು ಕಿಲೋದಷ್ಟು ರಾಗಿ ತುಂಬಿ, ಬಾಯಿ ಹೊಲಿದು, ದಂಡೆಯ ಮೇಲಿಟ್ಟು ಅದರ ಮೇಲೆ ಲೆನ್ಸ್ ಕೂರಿಸಿ. ಪೂರ್ತಿ ಬಿಗಿಯಾಗಿ ತುಂಬಿದರೆ ಲೆನ್ಸ್ ಉರುಳುತ್ತದೆ. ಮುಕ್ಕಾಲು ಭಾಗ ಸಾಕು. ಹಲಗೆ ಹಾಸಿದ ಉಪ್ಪರಿಗೆಯಲ್ಲಿ ಯಾರೋ ನಡೆದರೂ ನೆಲ ಅದುರುತ್ತದೆ. ಅಲ್ಲಿ 2 ಸೆಕೆಂಡಿನ ಟೈಮರ್ ಇಟ್ಟು, ಮನೆಯವರಿಗೆ ಒಂದು ಮಾತು ಹೇಳಿ.

ಮಂಜನ್ನು ಬೆಳ್ಳಗೇ ಇರಿಸುವುದು

ಕ್ಯಾಮೆರಾದ ಮೀಟರು ಕಂಡದ್ದನ್ನೆಲ್ಲ ನಡುಬೂದು ಎಂದು ಲೆಕ್ಕ ಹಾಕುತ್ತದೆ. ಹಾಗಾಗಿ ತಾನೇ ಬಿಟ್ಟರೆ ಮಂಜು ಕೊಳೆಬಟ್ಟೆಯ ಬಣ್ಣಕ್ಕೆ ತಿರುಗುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಷನನ್ನು (ಚಿತ್ರವನ್ನು ಬೆಳಗಿಸುವ, ಕಂದಿಸುವ ಹೊಂದಿಕೆ) +0.7ಕ್ಕೆ ಇಟ್ಟು ಶುರು ಮಾಡಿ, ಚೌಕಟ್ಟು ತುಂಬ ಮಂಜೇ ಇದ್ದರೆ +1.3ರವರೆಗೆ ಹೋಗಿ. ಹಿಸ್ಟೋಗ್ರಾಂನ (ಚಿತ್ರದ ಕಪ್ಪನ್ನು ಎಡಕ್ಕೆ, ಬಿಳುಪನ್ನು ಬಲಕ್ಕೆ ತೋರಿಸುವ ನಕ್ಷೆ) ಗುಡ್ಡ ಬಲಕ್ಕೆ ವಾಲಿರಬೇಕು, ಬಲ ಅಂಚನ್ನು ಮುಟ್ಟಬಾರದು. ಸೂರ್ಯ ಚೌಕಟ್ಟಿನೊಳಗೆ ಬಂದ ಕೂಡಲೇ ಲೆಕ್ಕ ತಿರುವುಮುರುವು: ಆಗ −0.7ರಿಂದ −1ಕ್ಕೆ ಇಳಿಸಿ, ಮರಗಳು ಕಪ್ಪು ನೆರಳಾಗಲಿ.

ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೊದಲ್ಲಿದ್ದರೆ ನಸುಕಿನ ನೀಲಿಯನ್ನು ಕ್ಯಾಮೆರಾ ‘ಸರಿಪಡಿಸಿ’ ಹಾಳುಮಾಡುತ್ತದೆ. 5200–5500 ಕೆಲ್ವಿನ್‌ಗೆ ಸ್ಥಿರಗೊಳಿಸಿ. ಬಿಸಿಲು ತಡೆಯುವ ಫಿಲ್ಮ್ ಅಂಟಿಸಿದ ಗಾಜಾದರೆ ಹಸಿರು ಛಾಯೆ ಬಂದೇ ಬರುತ್ತದೆ; ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಕಡತ) ತೆಗೆದರೆ ಆಮೇಲೆ ಟಿಂಟನ್ನು ಮಜೆಂಟಾದ ಕಡೆ ಸರಿಸಿ ಕಳೆಯಬಹುದು.

ಆಟೊಫೋಕಸ್ ಮಂಜಿನಲ್ಲಿ ಹಿಡಿತ ಸಿಗದೆ ಹುಡುಕಾಡುತ್ತದೆ, ಇಲ್ಲವೇ ಗಾಜಿನ ಹನಿಗೆ ಅಂಟಿಕೊಳ್ಳುತ್ತದೆ. ಕಪ್ಪಾಗಿ ಕಾಣುವ ಯಾವುದಾದರೂ ಕಾಂಡದ ಅಂಚಿಗೆ ಫೋಕಸ್ ಮಾಡಿ ಮ್ಯಾನ್ಯುವಲ್‌ಗೆ ತಿರುಗಿಸಿಬಿಡಿ. ಫೋಕಸ್ಸಿಗೆ ನೆರವಾಗುವ ಕೆಂಪು ದೀಪವನ್ನೂ ಫ್ಲ್ಯಾಷನ್ನೂ ಮೊದಲೇ ಆರಿಸಿಡಿ, ಎರಡೂ ಗಾಜಿನಿಂದ ಮರಳಿ ಬರುತ್ತವೆ.

ಲೆನ್ಸಿನ ಆಯ್ಕೆಯಲ್ಲಿ ನಮ್ಮ ಒಲವು 70–200 ಮಿ.ಮೀ. ಕಡೆಗೆ. ಅಗಲ ಲೆನ್ಸಿನಲ್ಲಿ ಎಲ್ಲವೂ ಬರುತ್ತದೆ, ವಿದ್ಯುತ್ ತಂತಿ, ಟ್ಯಾಂಕು, ಡಿಶ್ ಸಹಿತ. ಟೆಲಿಯಲ್ಲಿ ಬೆಟ್ಟದ ಸಾಲುಗಳು ಒತ್ತೊತ್ತಾಗಿ ಬರುತ್ತವೆ, ಬೇಡದ್ದು ಹೊರಗುಳಿಯುತ್ತದೆ. ಒಂದು ಎಚ್ಚರ: ಮಂಜಿನ ಚಿತ್ರಕ್ಕೆ ಎಲ್ಲೋ ಒಂದು ಕಡೆ ಗಟ್ಟಿ ಕಪ್ಪು ಬೇಕು. ಹತ್ತಿರದ ಅಡಿಕೆ ಮರದ ತುದಿ, ಸೂರಿನ ಹೆಂಚಿನ ಅಂಚು, ಬಚ್ಚಲಮನೆಯ ಹೊಗೆ ಏಳುವ ಮಾಡು ಯಾವುದಾದರೂ ಆದೀತು. ಅದಿಲ್ಲದೆ ಬರೀ ಬಿಳುಪು ಕಣ್ಣಿಗೆ ನಿಲ್ಲುವುದಿಲ್ಲ.

ಫೋನು ಮಾತ್ರ ಇದ್ದರೆ

ಫೋನಿಗೆ ಇಲ್ಲೊಂದು ಅನುಕೂಲವಿದೆ: ಲೆನ್ಸ್ ಚಿಕ್ಕದಾದ್ದರಿಂದ ಗಾಜಿಗೆ ಪೂರ್ತಿ ಅಂಟಿಸಬಹುದು, ಪ್ರತಿಫಲನದ ಕಾಟ ಬಹುತೇಕ ಇಲ್ಲ. ಅನನುಕೂಲವೂ ಅದರಿಂದಲೇ, ಗಾಜಿನ ಧೂಳು ಸ್ಪಷ್ಟವಾಗಿ ಬೀಳುತ್ತದೆ. ಲೆನ್ಸ್ ಒರೆಸಿ, ಮುಖ್ಯ ಕ್ಯಾಮೆರಾವನ್ನೇ ಬಳಸಿ; ಅಲ್ಟ್ರಾವೈಡ್ ಕಡಿಮೆ ಬೆಳಕಿನಲ್ಲಿ ಸೋಲುತ್ತದೆ. ದೂರದ ಮರವನ್ನು ಒತ್ತಿ ಹಿಡಿದು ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ, ಸೂರ್ಯನ ಚಿಹ್ನೆಯನ್ನು ತುಸು ಮೇಲಕ್ಕೆ ಎಳೆಯಿರಿ. ಪ್ರೊ ಮೋಡ್ ಇದ್ದರೆ ಫೋಕಸನ್ನು ಬೆಟ್ಟದ ಗುರುತಿಗೆ ಇಡಿ. ಬೆರಳಿನಲ್ಲಿ ಹಿಗ್ಗಿಸುವ ಡಿಜಿಟಲ್ ಜೂಮ್ ಬೇಡ. ಮಂಜಿನ ಮೆದು ಅಂಚುಗಳನ್ನು ಅದು ಬಣ್ಣ ಬಳಿದಂತೆ ಮಾಡುತ್ತದೆ.

ಕಣದ ಕಡೆಯ ಕಿಟಕಿ

ಮಲೆನಾಡಿನ ಚಳಿಗಾಲ ಬರೀ ಮಂಜಲ್ಲ, ಅದು ಕಾಫಿ ಕೊಯ್ಲಿನ ಕಾಲ. ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ, ಅದರ ಹಿಂದೆಯೇ ರೊಬಸ್ಟಾ. ಮೇಲಿನ ಕಿಟಕಿಯಿಂದ ಕಣ ಕಂಡರೆ ನಿಮಗೆ ಬಣ್ಣದ ಹಲಗೆಯೇ ಸಿಕ್ಕಂತೆ. ಕೆಂಪು ಹಣ್ಣು ಒಣಗಿ ಕರಿಕಂದು ಚೆರ್ರಿಯಾಗಲು ಬಿಸಿಲು ಸರಿಯಿದ್ದರೆ 12–15 ದಿನ. ಪಕ್ಕದಲ್ಲಿ ಪಲ್ಪ್ ಮಾಡಿದ (ಹಣ್ಣಿನ ಸಿಪ್ಪೆ ಬಿಡಿಸಿದ) ಪಾರ್ಚ್‌ಮೆಂಟ್ ಹರಡಿದ್ದರೆ ಅದು ಹೊಂಬಿಳಿ. ಕೈಯಾಡಿಸಿ ಎಬ್ಬಿಸಿದ ಸಾಲುಗಳು ಬೆಳಿಗ್ಗೆ ಎಂಟೂವರೆಗೆ ಅಥವಾ ಸಂಜೆ ನಾಲ್ಕೂವರೆಗೆ ಓರೆ ಬೆಳಕಿನಲ್ಲಿ ಏರುತಗ್ಗಾಗಿ ಕಾಣುತ್ತವೆ; ಮಧ್ಯಾಹ್ನ ಅದೇ ಕಣ ಚಪ್ಪಟೆ. ಸಂಜೆ ತಡ ಮಾಡಿದರೆ ರಾಶಿ ಮಾಡಿ ಟಾರ್ಪಾಲು ಮುಚ್ಚಿಬಿಡುತ್ತಾರೆ.

ದಿನಕ್ಕೊಂದರಂತೆ ಅದೇ ಚೌಕಟ್ಟಿನಲ್ಲಿ ಬಣ್ಣ ಬದಲಾಗುವ ಸರಣಿ ಮಾಡುವುದಾದರೆ ದಂಡೆಯ ಮೇಲೆ ಸೀಮೆಸುಣ್ಣದಿಂದ ಕ್ಯಾಮೆರಾದ ಜಾಗ ಗುರುತಿಸಿ, ಫೋಕಲ್ ಲೆಂತ್ ಬರೆದಿಟ್ಟುಕೊಂಡು, ಕಣದ ಒಂದು ಮೂಲೆಯನ್ನು ಪ್ರತಿದಿನ ಚೌಕಟ್ಟಿನ ಅದೇ ಬಿಂದುವಿಗೆ ಕೂಡಿಸಿ. ಕೆಲಸದವರು ಚೌಕಟ್ಟಿನಲ್ಲಿ ಬಂದರೆ ಚಿತ್ರಕ್ಕೆ ಜೀವ ಬರುತ್ತದೆ, ನಿಜ. ಆದರೆ ಮೇಲಿನಿಂದ ಗುಟ್ಟಾಗಿ ತೆಗೆಯುವುದು ಸರಿಯಲ್ಲ. ಇಳಿದು ಹೋಗಿ ಕೇಳಿ, ತೆಗೆದದ್ದನ್ನು ತೋರಿಸಿ.

ಕಿಟಕಿಯೂ ಚಿತ್ರದಲ್ಲಿ ಇರಲಿ ಎಂದರೆ

ಮರದ ಚೌಕಟ್ಟು, ಸರಳು, ದಂಡೆಯ ಮೇಲಿನ ಲೋಟ ಇವನ್ನು ಸೇರಿಸಿಕೊಂಡಾಗ ಒಳಗೂ ಹೊರಗೂ ಬೆಳಕಿನ ಅಂತರ ಐದಾರು ಸ್ಟಾಪ್ ದಾಟುತ್ತದೆ. ಮೂರು ಚಿತ್ರ ತೆಗೆದು (−2, 0, +2) ಬೆರೆಸಬಹುದು, ಆದರೆ ಮಂಜು ಅಲುಗಾಡುವುದರಿಂದ ಕಲೆ ಬೀಳುತ್ತದೆ. ಅದಕ್ಕಿಂತ ಸೂರ್ಯ ಮುಳುಗಿದ ಹದಿನೈದು ಇಪ್ಪತ್ತು ನಿಮಿಷದ ಮೇಲೆ ಒಳಗೆ ಒಂದು ಹಳದಿ ಬಲ್ಬು ಹಾಕಿ ನೋಡಿ. ಹೊರಗಿನ ನೀಲಿಯೂ ಒಳಗಿನ ಹಳದಿಯೂ ಸಮತೂಕಕ್ಕೆ ಬರುವ ಹೊತ್ತು ಅದು, ಹತ್ತೇ ನಿಮಿಷ ಇರುತ್ತದೆ. ಇಲ್ಲಿ ಕಿಟಕಿ ತೆರೆದಿರಲೇಬೇಕು, ಇಲ್ಲದಿದ್ದರೆ ಬಲ್ಬು ಗಾಜಿನಲ್ಲಿ ಕಾಣುತ್ತದೆ. ಚೌಕಟ್ಟೂ ಬೆಟ್ಟವೂ ಎರಡೂ ಸ್ಪಷ್ಟವಾಗಬೇಕಾದ್ದರಿಂದ ಎಫ್/11 ಬೇಕಾಗುವುದು ಈ ಒಂದು ಕಡೆ.

ಮಂಜು ಹರಿಯುವುದನ್ನು ಟೈಮ್‌ಲ್ಯಾಪ್ಸ್ ಮಾಡಲು 5 ಸೆಕೆಂಡಿಗೊಂದು ಚಿತ್ರ ಸಾಕು. ಅರ್ಧ ಗಂಟೆಗೆ 360 ಚಿತ್ರ. ಸೆಕೆಂಡಿಗೆ 25ರಂತೆ ಓಡಿಸಿದರೆ 14 ಸೆಕೆಂಡಿನ ವಿಡಿಯೊ. ಫೋಕಸ್, ವೈಟ್ ಬ್ಯಾಲೆನ್ಸ್ ಎರಡೂ ಸ್ಥಿರವಾಗಿರಲಿ. ಎಕ್ಸ್‌ಪೋಷರನ್ನೂ ಸ್ಥಿರವಾಗಿಡುವುದಾದರೆ ಒಂದು ಸ್ಟಾಪ್ ಕತ್ತಲಾಗಿಯೇ ಶುರು ಮಾಡಿ, ಬಿಸಿಲು ಬರುವ ಹೊತ್ತಿಗೆ ಸರಿಹೋಗುತ್ತದೆ. ಪ್ಲಗ್ ಪಾಯಿಂಟ್ ಪಕ್ಕದಲ್ಲೇ ಇದೆಯೆಂದು ನೆಚ್ಚಬೇಡಿ. ಕರೆಂಟು ಹೋಗುವುದು ಇಂಥ ಹೊತ್ತಿಗೇ. ಬ್ಯಾಟರಿ ತುಂಬಿರಲಿ.

ರಾತ್ರಿ, ದಕ್ಷಿಣದ ಕಿಟಕಿ

ಡಿಸೆಂಬರ್ ಕೊನೆಯಲ್ಲಿ ನಡುರಾತ್ರಿಯ ಸುಮಾರಿಗೆ ದಕ್ಷಿಣದಲ್ಲಿ, ದಿಗಂತದಿಂದ 24 ಡಿಗ್ರಿ ಮೇಲೆ, ಅಂದರೆ ಎರಡೂವರೆ ಮುಷ್ಟಿ ಎತ್ತರಕ್ಕೆ ಅಗಸ್ತ್ಯ ನಕ್ಷತ್ರ ಇರುತ್ತದೆ. ಸೂರು ಅಡ್ಡ ಬರದಷ್ಟು ಕೆಳಗೆ, ಮರ ಮರೆಮಾಡದಷ್ಟು ಮೇಲೆ. ಕಿಟಕಿ ತೆರೆದು, ಅಂಗಳದ ದೀಪ ಆರಿಸಿ, 24 ಮಿ.ಮೀ. ಲೆನ್ಸಿಗೆ ಎಫ್/2.8, ಐಎಸ್‌ಒ 1600ರಿಂದ 3200, 15 ಸೆಕೆಂಡು. ಹುಣ್ಣಿಮೆಯ ಆಸುಪಾಸಿನಲ್ಲಿ ಬೇಡ. ಲೆನ್ಸ್ ಹೊರಗೆ ಚಾಚಿದ್ದರೆ ಇಬ್ಬನಿ ಕೂರುತ್ತದೆ. ಐದು ಹತ್ತು ಚಿತ್ರಗಳಿಗೊಮ್ಮೆ ಟಾರ್ಚ್ ಹಾಕಿ ನೋಡಿ.

ಕೊನೆಗೆ ಕಂಪ್ಯೂಟರು, ಕಪಾಟು

ತಿದ್ದುವಾಗ ಡೀಹೇಝ್ ಎಂಬ ಗುಂಡಿಯನ್ನು ಮುಟ್ಟಬೇಡಿ. ಮಂಜನ್ನು ಹಿಡಿಯಲು ಇಷ್ಟೆಲ್ಲ ಮಾಡಿ ಕೊನೆಗೆ ಅದನ್ನೇ ಅಳಿಸಿದಂತಾಗುತ್ತದೆ. ಕಪ್ಪನ್ನು ತುಸು ಗಾಢ ಮಾಡಿ, ಧೂಳಿನ ಚುಕ್ಕೆ ತೆಗೆದರೆ ಮುಗಿಯಿತು.

ಸಲಕರಣೆಗೆ ಚಳಿಗಾಲ ಶತ್ರುವಲ್ಲ, ಮುಂದೆ ಬರುವ ಜೂನ್–ಸೆಪ್ಟೆಂಬರ್ ಶತ್ರು. ಬಟ್ಟೆಯ ಬೀರುವಿನಲ್ಲಿಟ್ಟ ಲೆನ್ಸಿಗೆ ಒಂದೇ ಮಳೆಗಾಲದಲ್ಲಿ ಬೂಸ್ಟು ಹಿಡಿಯಬಹುದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಒಳಗೊಂದು ತೇವಮಾಪಕ ಹಾಕಿ. ತೇವ ಶೇ. 40–50ರ ನಡುವೆ ಇದ್ದರೆ ಸರಿ. ನೀಲಿ ಕಾಳು ನಸುಗೆಂಪಾದರೆ ತೇವ ತುಂಬಿದೆ ಎಂದರ್ಥ. ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ವಾಪಸು ಹಾಕಿ. ತಿಂಗಳಿಗೊಮ್ಮೆ ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ: ಜೇಡರ ಬಲೆಯಂಥ ಎಳೆ ಕಂಡರೆ ಅದನ್ನು ಬೇರೆ ಲೆನ್ಸುಗಳಿಂದ ಬೇರ್ಪಡಿಸಿ, ರಿಪೇರಿಯವರಿಗೆ ಕೊಡಿ. ನೀವೇ ಬಿಚ್ಚಬೇಡಿ.